ದೂರದ ಕಡಲಿಗೆ ಯಾವ ಫ್ರೀಕ್ವೆನ್ಸಿ? ಪದೇ ಪದೇ ಕೇಳೋ ಪ್ರಶ್ನೆಗಳು

ದಕ್ಕೆಯಲ್ಲಿ ಸಿಗೋ ತಾಂಡೇಲರು, ಮರ್ಚೆಂಟ್ ನೇವಿಗೆ ಹೊರಟ ಹುಡುಗರು, ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಎಲ್ಲ ಸುತ್ತಿ ಬಳಸಿ ಕೇಳೋದು ಒಂದೇ, "ಕಡಲಲ್ಲಿ ದೂರಕ್ಕೆ ರೇಡಿಯೋದಲ್ಲಿ ಮಾತಾಡೋಕೆ ಒಂದು ಒಳ್ಳೆ ಫ್ರೀಕ್ವೆನ್ಸಿ ಹೇಳಿ ಮಾರಾಯ್ರೆ" ಅಂತ. ಅಂಥದ್ದು ಇಲ್ಲ. ನೀವು ಮಾತಾಡ್ಬೇಕಾದೋರು ಎಷ್ಟು ದೂರ ಇದಾರೆ, ನಿಮ್ಮಿಬ್ಬರ ದಾರಿಯ ನಡುಮಧ್ಯದಲ್ಲಿ ಈಗ ಸೂರ್ಯ ಎಲ್ಲಿದಾನೆ, ಇವೆರಡು ಗೊತ್ತಾದ್ರೆ ಮುಕ್ಕಾಲು ಕೆಲಸ ಆಯ್ತು. ಉಳಿದದ್ದು ಕಿವಿ ಕೊಟ್ಟು ಕೇಳೋದು. ಕೇಳಿದೋರ ಮಾತಲ್ಲೇ ಪ್ರಶ್ನೆ ಹಾಕಿದೀನಿ, ಸುಲಭದ್ದು ಮೊದ್ಲು.

## ಶುರುವಿಗೆ

ಬೋಟಲ್ಲಿ ವಿಎಚ್‌ಎಫ್ ವೈರ್‌ಲೆಸ್ ಇದೆ. ಪವರ್ ಜಾಸ್ತಿ ಮಾಡಿದ್ರೆ ಅದರಲ್ಲೇ ದೂರಕ್ಕೆ ಮಾತಾಡ್ಬಹುದಲ್ಲ?

ಆಗಲ್ಲ. ಮೆರೀನ್ ವಿಎಚ್‌ಎಫ್ ಇರೋದು 156 ಮೆಗಾಹರ್ಟ್ಸ್ ಆಚೀಚೆ, ಅದು ಹೆಚ್ಚುಕಮ್ಮಿ ನೇರ ಹೋಗತ್ತೆ, ಭೂಮಿ ಬಾಗಿದ ಕಡೆ ಮುಗೀತು. ಎಷ್ಟು ದೂರ ಅನ್ನೋದನ್ನ ಆಂಟೆನಾ ಎತ್ತರ ಹೇಳತ್ತೆ, ವಾಟ್ ಅಲ್ಲ. ಲೆಕ್ಕ ಸುಲಭ: ಆಂಟೆನಾ ಎತ್ತರ ಮೀಟರಲ್ಲಿ ತಗೊಳ್ಳಿ, ವರ್ಗಮೂಲ ತೆಗೀರಿ, 4.1ರಿಂದ ಗುಣಿಸಿ, ಅಷ್ಟು ಕಿಲೋಮೀಟರ್; ಆ ಕಡೆಯೋರದ್ದೂ ಹಾಗೇ ಮಾಡಿ ಕೂಡಿಸಿ. ಎರಡು ಬೋಟಿಗೂ 9 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ರೆ 25 ಕಿಮೀ ಆಚೀಚೆ, ಅಂದ್ರೆ 13 ನಾಟಿಕಲ್ ಮೈಲು. ದಡದಲ್ಲಿ 100 ಮೀಟರ್ ಎತ್ತರದ ಟವರ್ ಇದ್ರೆ 50 ಕಿಮೀ ಮೇಲೆ ಸ್ವಲ್ಪ. 25 ವಾಟ್ ಸೆಟ್ಟನ್ನ 50 ಮಾಡಿದ್ರೂ ಈ ಅಂಕಿ ಅಷ್ಟೇನೂ ಬದಲಾಗಲ್ಲ.

ಮಳೆಗಾಲಕ್ಕೆ ಮುಂಚೆ ಅರಬ್ಬಿ ಸಮುದ್ರದ ಮೇಲೆ ಗಾಳಿಯ ಪದರಗಳು ಒಂದರ ಮೇಲೊಂದು ಕೂತು ವಿಎಚ್‌ಎಫ್ ಸಿಗ್ನಲ್ ನೂರಾರು ಕಿಮೀ ಹೋಗೋದುಂಟು, ಅದನ್ನ ನೋಡಿ "ನಮ್ಮ ಸೆಟ್ಟು ಭಾರಿ ಪವರ್‌ಫುಲ್" ಅಂದ್ಕೊಳ್ಳೋರು ಇದಾರೆ. ನಾಳೆ ಇರಲ್ಲ ಅದು. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ಕನ್ಯಾಕುಮಾರಿ, ಕೇರಳದ ಕಡೆಯ ಆಳಸಮುದ್ರದ ಬೋಟುಗಳಿಗೆ ಎಚ್ಚರಿಕೆ ಮುಟ್ಟಿಸೋಕೆ ಆಗದೇ ಹೋಗಿದ್ದಕ್ಕೆ ದೊಡ್ಡ ಕಾರಣ ಇದೇ, ಅವರು ವಿಎಚ್‌ಎಫ್ ಮುಟ್ಟೋ ದೂರ ದಾಟಿ ಎಲ್ಲೋ ಇದ್ರು.

ಹಾಗಾದ್ರೆ ಎಚ್‌ಎಫ್ ಹೇಗೆ ಸಾವಿರಾರು ಕಿಮೀ ಹೋಗತ್ತೆ? ಅದಕ್ಕೂ ಭೂಮಿ ಬಾಗಿರಲ್ವಾ?

ಬಾಗಿರತ್ತೆ, ಆದ್ರೆ ಅದು ಮೇಲೆ ಹೋಗಿ ತಿರುಗಿ ಬರತ್ತೆ. ಸೂರ್ಯನ ನೇರಳಾತೀತ ಕಿರಣ, ಎಕ್ಸ್‌ರೇ ತಾಗಿ ಮೇಲಿನ ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಬಿಟ್ಟುಹೋಗತ್ತೆ, ಆ ಎಲೆಕ್ಟ್ರಾನ್ ತುಂಬಿದ ಭಾಗವೇ ಅಯಾನುಗೋಳ. 3ರಿಂದ 30 ಮೆಗಾಹರ್ಟ್ಸ್ ಒಳಗಿನ ತರಂಗ, ಅಂದ್ರೆ ಎಚ್‌ಎಫ್, ಅಲ್ಲಿ ಬಾಗಿ ಕೆಳಗೆ ಬರತ್ತೆ, ಕೇರಂ ಬೋರ್ಡಲ್ಲಿ ಸ್ಟ್ರೈಕರ್ ಪಟ್ಟಿಗೆ ತಾಗಿ ತಿರುಗೋ ಹಾಗೆ. ಎಷ್ಟು ಓರೆಯಾಗಿ ಹೊಡೀತೀರೋ ಅಷ್ಟು ದೂರ.

ನೆನಪಿಡ್ಬೇಕಾದ ಪದರ ಎರಡೇ. 60ರಿಂದ 90 ಕಿಮೀ ಎತ್ತರದಲ್ಲಿ ಡಿ ಪದರ, ಹಗಲು ಮಾತ್ರ ಇರತ್ತೆ, ಸಿಗ್ನಲ್ಲನ್ನ ತಿರುಗಿಸಲ್ಲ, ನುಂಗತ್ತೆ, ಕೆಳಗಿನ ಫ್ರೀಕ್ವೆನ್ಸಿಯನ್ನಂತೂ ಜಾಸ್ತಿ ನುಂಗತ್ತೆ. 250ರಿಂದ 400 ಕಿಮೀ ಎತ್ತರದಲ್ಲಿ ಎಫ್2 ಪದರ, ಅದೇ ನಮ್ಮ ಅನ್ನದಾತ. ಅದರಿಂದ ಒಂದು ಹಾರಿಗೆ ಹೆಚ್ಚು ಅಂದ್ರೆ 4000 ಕಿಮೀ ಸಿಗತ್ತೆ, ಅದಕ್ಕಿಂತ ದೂರ ಬೇಕಾದ್ರೆ ಸಮುದ್ರದ ಮೇಲೆ ಬಿದ್ದು ಮತ್ತೆ ಏಳ್ಬೇಕು. ಉಪ್ಪುನೀರು ಒಳ್ಳೆ ಪ್ರತಿಫಲಕ ಆದ್ರಿಂದ ಕಡಲ ಮೇಲಿನ ಎರಡನೇ ಹಾರಿ ನೆಲದ ಮೇಲಿನದ್ದಕ್ಕಿಂತ ಗಟ್ಟಿ.

ಹಗಲಿಗೆ ಯಾವುದು, ರಾತ್ರಿಗೆ ಯಾವುದು? ಒಂದೇ ಮಾತಲ್ಲಿ ಹೇಳಿ

ಸೂರ್ಯ ಮೇಲೆ ಹೋದ ಹಾಗೆ ಫ್ರೀಕ್ವೆನ್ಸಿ ಮೇಲೆ, ಸೂರ್ಯ ಇಳಿದ ಹಾಗೆ ಕೆಳಗೆ. ದೂರ ಜಾಸ್ತಿ ಆದ್ರೂ ಮೇಲೆ.

ಇಷ್ಟಕ್ಕೇ ಸಮಾಧಾನ ಇಲ್ಲದೋರಿಗೆ ಒಂದು ಅಂದಾಜು. 4 ಮೆಗಾ (ಮೆಗಾಹರ್ಟ್ಸ್ ಬ್ಯಾಂಡ್) ರಾತ್ರಿಯದ್ದು, ಕೆಲವು ನೂರು ಮೈಲಿಗೆ. 6 ಮೆಗಾ ಹಗಲಲ್ಲಿ ಹತ್ತಿರಕ್ಕೆ, ರಾತ್ರಿ ಸಾವಿರ ಮೈಲು ಆಚೀಚೆ. 8 ಮೆಗಾ ಎಲ್ಲದಕ್ಕೂ ಒದಗೋದು, ಹಗಲು 500 ಮೈಲು ಆಸುಪಾಸು, ರಾತ್ರಿ ಅದರ ಮೂರರಷ್ಟು. 12 ಹಗಲಿನ ದೂರಕ್ಕೆ, ಸಂಜೆಗೂ ಬರತ್ತೆ. 16 ಹಗಲಲ್ಲಿ ಮಹಾದೂರಕ್ಕೆ. 22 ಅಂದ್ರೆ ಸೂರ್ಯ ಚುರುಕಾಗಿರೋ ವರ್ಷಗಳಲ್ಲಿ ಮಧ್ಯಾಹ್ನ. ಇದು ಹೊರಡೋಕೆ ಮಾತ್ರ, ಗೋಡೆಗೆ ಅಂಟಿಸಿ ಇದನ್ನೇ ನಂಬಿ ಕೂರಬೇಡಿ.

ಮೆರೀನ್ ಬ್ಯಾಂಡಲ್ಲಿ ಹಡಗಿಂದ ಹಡಗಿಗೆ ಮಾತಾಡೋ ಚಾನಲ್ ಯಾವುದು? ಲಿಸ್ಟ್ ಕೊಡಿ ಸಾರ್

ಎರಡೂ ಕಡೆ ಒಂದೇ ಫ್ರೀಕ್ವೆನ್ಸಿ ಇರೋ ಸಿಂಪ್ಲೆಕ್ಸ್ ಚಾನಲ್ಲುಗಳು, ಎಲ್ಲ ಕಿಲೋಹರ್ಟ್ಸಲ್ಲಿ:

4ಎ 4146, 4ಬಿ 4149
6ಎ 6224, 6ಬಿ 6227, 6ಸಿ 6230
8ಎ 8294, 8ಬಿ 8297
12ಎ 12353, 12ಬಿ 12356, 12ಸಿ 12359
16ಎ 16528, 16ಬಿ 16531, 16ಸಿ 16534

ನೋಡಿ, 8ರಲ್ಲಿ ಎರಡೇ ಇರೋದು, ಅಲ್ಲೇ ಎಲ್ಲರೂ ಗುಂಪು ಸೇರ್ತಾರೆ. ಕರೆಯೋ ಮುಂಚೆ ಒಂದು ನಿಮಿಷ ಸುಮ್ನೆ ಕೇಳಿ.

ಸೆಟ್ಟಲ್ಲಿ ಯುಎಸ್‌ಬಿ, ಎಲ್‌ಎಸ್‌ಬಿ ಅಂತ ಎರಡು ಇದೆ. ಯಾವುದಕ್ಕೆ ಇಡೋದು?

ಕಡಲಲ್ಲಿ ಯಾವಾಗಲೂ ಯುಎಸ್‌ಬಿ, ಅಂದ್ರೆ ಅಪ್ಪರ್ ಸೈಡ್‌ಬ್ಯಾಂಡ್; ಎಲ್‌ಎಸ್‌ಬಿ ಲೋವರ್. ಹ್ಯಾಮ್‌ಗಳು 10 ಮೆಗಾ ಕೆಳಗೆ ಎಲ್‌ಎಸ್‌ಬಿ ಬಳಸೋ ರೂಢಿ ಇರೋದ್ರಿಂದ ಅಲ್ಲಿಂದ ಬಂದೋರಿಗೆ 4, 6, 8ರಲ್ಲಿ ಕೈ ತನ್ನಿಂದ ತಾನೇ ಎಲ್‌ಎಸ್‌ಬಿಗೆ ಹೋಗತ್ತೆ. ಮಾತು ಬಾತುಕೋಳಿ ಕೂಗಿದ ಹಾಗೆ ಕೇಳಿದ್ರೆ ಮೊದ್ಲು ಇದನ್ನ ನೋಡಿ.

## ಆರಿಸೋ ಕೆಲಸ

ನಮ್ಮ ಒಂದು ಹಡಗು ಮಸ್ಕತ್ ಹತ್ರ, ಇನ್ನೊಂದು ಮಂಗ್ಳೂರು ಹೊರಗೆ. ದಿನಾ ಮಾತಾಡ್ಬೇಕು. ಹೇಗೆ ಪ್ಲ್ಯಾನ್ ಮಾಡೋದು?

ದೂರ ಸುಮಾರು 2000 ಕಿಮೀ, ಅಂದ್ರೆ ಎಫ್2 ಪದರದ ಒಂದೇ ಹಾರಿ. ಹಾಗಾಗಿ ನೋಡ್ಬೇಕಾದ ಜಾಗ ಮಂಗ್ಳೂರೂ ಅಲ್ಲ ಮಸ್ಕತ್ತೂ ಅಲ್ಲ, ಎರಡರ ನಡುವೆ ಅರಬ್ಬಿ ಸಮುದ್ರದ ಮೇಲೆ ಸಿಗ್ನಲ್ ಬಾಗೋ ಜಾಗ, 67 ಡಿಗ್ರಿ ಪೂರ್ವ ರೇಖಾಂಶದ ಹತ್ರ. ಅಲ್ಲಿ ಸೂರ್ಯ ಮುಳುಗೋದು ಮಂಗ್ಳೂರಿಗಿಂತ ಅರ್ಧ ಗಂಟೆ ತಡ. ಬಹಳ ಜನ ತಪ್ಪೋದು ಇಲ್ಲೇ, ತಮ್ಮ ಕಿಟಕಿಯಿಂದ ಕತ್ತಲಾಯ್ತು ಅಂತ ಕೂಡ್ಲೇ 6ಕ್ಕೆ ಇಳಿದುಬಿಡ್ತಾರೆ, ದಾರಿಯ ಮಧ್ಯೆ ಇನ್ನೂ ಬಿಸಿಲಿರತ್ತೆ, ಡಿ ಪದರ ಅಲ್ಲಿ ಸಿಗ್ನಲ್ಲನ್ನ ತಿಂತಾ ಇರತ್ತೆ.

ನಾನಾದ್ರೆ ಹೀಗೆ ಬರೆದಿಡ್ತೀನಿ: ಬೆಳಿಗ್ಗೆ ಎಂಟರ ಮೇಲೆ 12, ಮಧ್ಯಾಹ್ನ 16 ಒಂದ್ಸಲ ನೋಡೋದು, ಸಿಕ್ಕಿದ್ರೆ ಅದರಲ್ಲಿ ಗಲಾಟೆ ಕಡಿಮೆ. ಸಂಜೆ ಮತ್ತೆ 12. ರಾತ್ರಿ ಒಂಬತ್ತು ಹತ್ತಕ್ಕೆ 8. ನಡುರಾತ್ರಿ ಮೇಲೆ 6. ಬೆಳಗಿನ ಜಾವ ನಾಲ್ಕೂವರೆ ಐದಕ್ಕೆ ಅಯಾನುಗೋಳ ಅತಿ ಬಡವಾಗಿರತ್ತೆ, ಹಿಂದಿನ ದಿನ ಗಳಿಸಿದ ಎಲೆಕ್ಟ್ರಾನೆಲ್ಲ ಮುಗಿದಿರತ್ತೆ, ಆವಾಗ 6 ಇಲ್ಲಾಂದ್ರೆ 4. ಸೂರ್ಯ ಹುಟ್ಟಿದ ಮೇಲೆ ಗಂಟೆಯೊಳಗೆ ಮೇಲಿನ ಬ್ಯಾಂಡ್ ಒಂದೊಂದೇ ತೆರೆದುಕೊಳ್ಳತ್ತೆ.

ಇದಕ್ಕಿಂತ ಮುಖ್ಯ, ಇಬ್ಬರೂ ಒಂದೇ ಹೊತ್ತಿಗೆ ಒಂದೇ ಬ್ಯಾಂಡಲ್ಲಿ ಇರೋದು. ಗಂಟೆಗೆ ಸರಿಯಾಗಿ 12353, ಸಿಗ್ಲಿಲ್ಲಾಂದ್ರೆ ಐದು ನಿಮಿಷಕ್ಕೆ 8294, ಹತ್ತು ನಿಮಿಷಕ್ಕೆ 6224, ಹೀಗೆ ಮೊದ್ಲೇ ಒಪ್ಪಂದ ಆಗಿರ್ಬೇಕು, ಅದೂ ಯುಟಿಸಿ (ಗ್ರೀನ್‌ವಿಚ್) ಟೈಮಲ್ಲಿ. ಒಬ್ಬರು ಐಎಸ್‌ಟಿ ಇನ್ನೊಬ್ಬರು ಗಲ್ಫ್ ಟೈಮ್ ಇಟ್ಕೊಂಡು ಒಂದೂವರೆ ಗಂಟೆ ಹಿಂದೆ ಮುಂದೆ ಕರೀತಾ ಕೂತರೆ ಅಯಾನುಗೋಳ ಏನ್ ಮಾಡೀತು. ದಿನಾ ಯಾವ ಬ್ಯಾಂಡ್ ಎಷ್ಟು ಹೊತ್ತಿಗೆ ಹೇಗಿತ್ತು ಅಂತ ಲಾಗ್‌ಬುಕ್ಕಲ್ಲಿ ಒಂದು ಸಾಲು ಗೀಚಿಡಿ, ವಾರ ಕಳೆದ್ರೆ ಯಾವ ಸಾಫ್ಟ್‌ವೇರೂ ಹೇಳದಷ್ಟು ನಿಖರ ಪ್ಲ್ಯಾನ್ ನಿಮ್ಮ ಕೈಯಲ್ಲೇ ಇರತ್ತೆ.

ದೂರದ ಸ್ಟೇಷನ್ ಚೆನ್ನಾಗಿ ಕೇಳ್ತದೆ, ಹತ್ತಿರದ್ದು ಕೇಳೋದೇ ಇಲ್ಲ. ಸೆಟ್ ಹಾಳಾಗಿದ್ಯಾ?

ಸೆಟ್ ಸರಿ ಇದೆ, ನೀವು ಸ್ಕಿಪ್ ಝೋನ್ ಒಳಗೆ ಕೂತಿದೀರಿ. ನೀರಿನ ಮೇಲ್ಮೈ ಹಿಡ್ಕೊಂಡು ಹೋಗೋ ಗ್ರೌಂಡ್‌ವೇವ್ ಎಲ್ಲೋ ನೂರಿನ್ನೂರು ಕಿಮೀಗೆ ಸುಸ್ತಾಗತ್ತೆ, ಆಕಾಶದಿಂದ ತಿರುಗಿ ಬಂದದ್ದು ಬೀಳೋದು ಸಾವಿರ ಕಿಮೀ ಆಚೆ, ನಡುವಿನ ಜಾಗಕ್ಕೆ ಏನೂ ಇಲ್ಲ. ಮಂಗ್ಳೂರಿಂದ ಲಕ್ಷದ್ವೀಪದ ಕವರಟ್ಟಿ 350 ಕಿಮೀ ಆಚೀಚೆ. ಅಲ್ಲಿಗೆ 16 ಮೆಗಾದಲ್ಲಿ ಕರೆದ್ರೆ ಮೊಂಬಾಸಾ ಕಡೆಯೋರು ಓಗೊಟ್ಟಾರು, ಕವರಟ್ಟಿಗೆ ಗೊತ್ತೇ ಆಗಲ್ಲ.

ಹತ್ತಿರಕ್ಕೆ ಬೇಕು ಅಂದ್ರೆ ಫ್ರೀಕ್ವೆನ್ಸಿ ಇಳಿಸಿ, ಹೆಚ್ಚುಕಮ್ಮಿ ನೆತ್ತಿ ಮೇಲಕ್ಕೆ ಹೋಗಿ ನೆತ್ತಿಗೇ ಬೀಳೋ ಹಾಗೆ. ಹಗಲು 6, ರಾತ್ರಿ 4. ದಕ್ಷಿಣ ಭಾರತದ ಹ್ಯಾಮ್‌ಗಳು ಬೆಳಿಗ್ಗೆ 7 ಮೆಗಾದಲ್ಲಿ ಬೆಂಗಳೂರು, ಚೆನ್ನೈ, ಕೊಚ್ಚಿ ಅಂತ ಆರಾಮಾಗಿ ಹರಟೆ ಹೊಡೆಯೋದು ಇದೇ ದಾರಿಯಲ್ಲಿ. ಇದಕ್ಕೆ ಆಂಟೆನಾನೂ ನೆಟ್ಟಗೆ ನಿಂತಿರೋ ವಿಪ್ ಆದ್ರೆ ಅಷ್ಟು ಒಳ್ಳೇದಲ್ಲ, ಅದು ನೆತ್ತಿ ಮೇಲಕ್ಕೆ ಕಡಿಮೆ ಕಳಿಸತ್ತೆ. ಅಡ್ಡ ಎಳೆದ ತಂತಿ ಮೇಲು.

ಎಂಯುಎಫ್, ಎಫ್‌ಒಟಿ ಅಂತ ಹೇಳಿ ತಲೆ ತಿಂತಾರೆ. ಲೆಕ್ಕ ಹಾಕಿ ತೋರಿಸ್ತೀರಾ?

ಒಂದು ಉದಾಹರಣೆ ಸಾಕು. ನೆಟ್ಟಗೆ ಮೇಲಕ್ಕೆ ಕಳಿಸಿದ ಸಿಗ್ನಲ್ ತಿರುಗಿ ಬರೋ ಗರಿಷ್ಠ ಫ್ರೀಕ್ವೆನ್ಸಿ ಕ್ರಿಟಿಕಲ್ ಫ್ರೀಕ್ವೆನ್ಸಿ, ಅದು ಈಗ 6 ಮೆಗಾ ಅಂತ ಇಟ್ಕೊಳ್ಳಿ. ಓರೆಯಾಗಿ ಹೊಡೆದ್ರೆ ಅದಕ್ಕಿಂತ ಮೇಲಿನದ್ದೂ ತಿರುಗತ್ತೆ, 3000 ಕಿಮೀ ದೂರಕ್ಕೆ ಸುಮಾರು ಮೂರರಷ್ಟು. ಅಂದ್ರೆ 18. ಇದು ಎಂಯುಎಫ್, ಆ ದಾರಿಯ ಮೇಲಿನ ಮಿತಿ. ಆದ್ರೆ ಮಿತಿಯ ಮೇಲೇ ಕೂತರೆ ಅಯಾನುಗೋಳ ಸ್ವಲ್ಪ ಅಲ್ಲಾಡಿದ್ರೂ ಲಿಂಕ್ ಕಟ್, ಅದಕ್ಕೆ ಅದರ ಶೇ. 85 ತಗೋತಾರೆ, 15.3 ಬಂತು, ಇದು ಎಫ್‌ಒಟಿ. ಮೆರೀನ್ 16ರ ಬ್ಯಾಂಡಲ್ಲಿ ಮಾತು ಶುರುವಾಗೋದೇ 16.36ರಿಂದ, ಹಾಗಾಗಿ ಕಣ್ಣುಮುಚ್ಚಿ 12 ತಗೊಳ್ಳಿ. 16ರಲ್ಲಿ ಸಿಗಬಹುದು, ಸಿಕ್ಕಾಗ ಇನ್ನೂ ಸ್ಪಷ್ಟ ಇರತ್ತೆ, ಆದ್ರೆ ಭರವಸೆ ಇಲ್ಲ.

ಕೆಳಗೂ ಒಂದು ಮಿತಿ ಇದೆ, ಎಲ್‌ಯುಎಫ್. ಅದಕ್ಕಿಂತ ಇಳಿದ್ರೆ ಡಿ ಪದರ ಮತ್ತು ಗದ್ದಲ ಸೇರಿ ಸಿಗ್ನಲ್ಲನ್ನ ಮುಳುಗಿಸಿಬಿಡತ್ತೆ. ಮೇಲಿನ ಮಿತಿ ಪ್ರಕೃತಿಯದ್ದು, ಕೆಳಗಿನದ್ದನ್ನ ಒಳ್ಳೆ ಆಂಟೆನಾ, ಜಾಸ್ತಿ ಪವರ್ ಹಾಕಿ ಸ್ವಲ್ಪ ಇಳಿಸಬಹುದು. ಈ ಎರಡರ ನಡುವಿನ ಕಿಟಕಿಯಲ್ಲಿ ಆದಷ್ಟು ಮೇಲಿರೋ ಬ್ಯಾಂಡ್ ಹಿಡಿಯೋದೇ ಜಾಣತನ.

ಕರೆಯೋ ಮೊದ್ಲೇ ಬ್ಯಾಂಡ್ ಓಪನ್ ಇದೆಯಾ ಅಂತ ತಿಳಿಯೋದು ಹೇಗೆ?

ಕೇಳಿ, ಅಷ್ಟೇ. ಆದ್ರೆ ಏನನ್ನ ಕೇಳ್ಬೇಕು ಅನ್ನೋದು ಗೊತ್ತಿರ್ಬೇಕು. ಅಮೆರಿಕದ ಡಬ್ಲ್ಯುಡಬ್ಲ್ಯುವಿ, ಹವಾಯಿಯ ಡಬ್ಲ್ಯುಡಬ್ಲ್ಯುವಿಎಚ್, ಚೀನಾದ ಬಿಪಿಎಂ ಇವೆಲ್ಲ 5, 10, 15 ಮೆಗಾದಲ್ಲಿ ಗಡಿಯಾರದ ಟಿಕ್ ಟಿಕ್ ಕಳಿಸ್ತಾ ಇರತ್ತೆ, ಯಾವುದು ಎಷ್ಟು ಚೆನ್ನಾಗಿ ಕೇಳ್ತದೆ ನೋಡಿದ್ರೆ ಯಾವ ದಿಕ್ಕು ತೆರೆದಿದೆ ಅಂತ ಗೊತ್ತಾಗತ್ತೆ. ಹ್ಯಾಮ್ ಬೀಕನ್ನುಗಳು ಇನ್ನೂ ಚೆಂದ: ಪ್ರಪಂಚದ 18 ಜಾಗಗಳಿಂದ 14.100, 18.110, 21.150 ಮುಂತಾದ ಐದು ಫ್ರೀಕ್ವೆನ್ಸಿಯಲ್ಲಿ ಸರದಿ ಪ್ರಕಾರ ತಲಾ ಹತ್ತು ಸೆಕೆಂಡ್, ಮೂರು ನಿಮಿಷಕ್ಕೆ ಒಂದು ಸುತ್ತು. ನಮಗೆ ಹತ್ತಿರದ್ದು ಶ್ರೀಲಂಕಾದ 4ಎಸ್7ಬಿ. ಕಾಲ್‌ಸೈನ್ ಆದ ಮೇಲೆ ನಾಲ್ಕು ಡ್ಯಾಶ್ ಕಳಿಸತ್ತೆ, 100 ವಾಟ್, 10, 1, ಕೊನೆಗೆ 0.1. ಮೂರನೇ ಡ್ಯಾಶ್ ಕೇಳಿಸ್ತು ಅಂದ್ರೆ ಒಂದು ವಾಟಿಗೇ ದಾರಿ ತೆರೆದಿದೆ ಅಂತ ಅರ್ಥ, ನಿಮ್ಮ 150 ವಾಟಿಗೆ ಇನ್ನೇನು ಚಿಂತೆ.

ಒಂದು ಎಚ್ಚರ, ಕೇಳಿಸಿದ್ದು ಆ ದಾರಿಯದ್ದು ಮಾತ್ರ. ಶ್ರೀಲಂಕಾ ಕೇಳಿತು ಅಂತ ಡರ್ಬನ್ ಸಿಗಲ್ಲ.

ಕೋಸ್ಟ್ ಸ್ಟೇಷನ್ ಚಾನಲ್ 801 ಅಂದ್ರು. 8719ಗೆ ಇಟ್ರೆ ಅವರ ಮಾತು ಕೇಳತ್ತೆ, ನನ್ನದು ಅವರಿಗೆ ಮುಟ್ಟಲ್ಲ

ಮುಟ್ಟೋದಿಲ್ಲ, ಯಾಕಂದ್ರೆ ಅದು ಡ್ಯುಪ್ಲೆಕ್ಸ್ ಚಾನಲ್. ಅವರು 8719ರಲ್ಲಿ ಮಾತಾಡಿ 8195ರಲ್ಲಿ ಕೇಳ್ತಾರೆ, ನೀವು ಉಲ್ಟಾ. 1201 ಆದ್ರೆ ಹಡಗು 12230, ದಡ 13077. ಸೆಟ್ಟಲ್ಲಿ ಚಾನಲ್ ನಂಬರ್ ಒತ್ತಿದ್ರೆ ಅದೇ ಎರಡನ್ನೂ ಹೊಂದಿಸತ್ತೆ, ಕೈಯಲ್ಲಿ ಫ್ರೀಕ್ವೆನ್ಸಿ ಹಾಕೋಕೆ ಹೋದಾಗಲೇ ಈ ಗೋಳು.

ಕೆಲವು ಪಟ್ಟಿಗಳಲ್ಲಿ ಎಲ್ಲ ಅಂಕಿಗಳೂ 1.4 ಕಿಲೋಹರ್ಟ್ಸ್ ಜಾಸ್ತಿ ಇರತ್ತೆ, 2182 ಇರ್ಬೇಕಾದ ಕಡೆ 2183.4 ಅಂತ. ಅದು ಚಾನಲ್ಲಿನ ನಡುವಿನ ಫ್ರೀಕ್ವೆನ್ಸಿ, ಡಯಲ್ ಮೇಲೆ ಇಡೋದು ಕ್ಯಾರಿಯರ್, ಅಂದ್ರೆ 2182.

150 ವಾಟ್ ಸೆಟ್ ಸಾಕಾ? 400 ವಾಟ್‌ದು ತಗೊಳ್ಲಾ?

100 ವಾಟನ್ನ 400 ಮಾಡಿದ್ರೆ ಸಿಗೋದು 6 ಡೆಸಿಬೆಲ್, ಆ ಕಡೆಯ ಸಿಗ್ನಲ್ ಮೀಟರಲ್ಲಿ ಒಂದೇ ಒಂದು ಮನೆ (ಎಸ್ ಪಾಯಿಂಟ್). ತಪ್ಪು ಬ್ಯಾಂಡಲ್ಲಿ ಸಾವಿರ ವಾಟ್ ಹಾಕಿದ್ರೂ ಅದು ಅಯಾನುಗೋಳ ದಾಟಿ ಆಕಾಶಕ್ಕೆ ಹೋಗತ್ತೆ. ದುಡ್ಡನ್ನ ಆಂಟೆನಾ, ಟ್ಯೂನರ್, ಅರ್ತಿಂಗ್ ಮೇಲೆ ಹಾಕಿ.

ಹಾಯಿದೋಣಿಯಲ್ಲಿ ಮಾಸ್ಟಿನ ಹಿಂದಿನ ತಂತಿ, ಬ್ಯಾಕ್‌ಸ್ಟೇ, ಅದಕ್ಕೆ ಎರಡು ಕಡೆ ಇನ್ಸುಲೇಟರ್ ಹಾಕಿ ಆಂಟೆನಾ ಮಾಡೋದು ರೂಢಿ. ಅದರ ಉದ್ದ ನೀವು ಹೆಚ್ಚು ಬಳಸೋ ಬ್ಯಾಂಡಿನ ಅರ್ಧ ತರಂಗದೂರಕ್ಕೆ ಸಮ ಆಗಬಾರದು. 12.3 ಮೆಗಾಗೆ ಅರ್ಧ ತರಂಗ 12.2 ಮೀಟರ್, ನಿಮ್ಮ ತಂತಿಯೂ ಸರಿಯಾಗಿ 12 ಮೀಟರ್ ಇದ್ರೆ 12ರ ಬ್ಯಾಂಡಲ್ಲಿ ಟ್ಯೂನರ್ ಟಕಟಕ ಅಂತ ಒದ್ದಾಡಿ ಸೋತು ಕೂರತ್ತೆ, ಬೇರೆ ಬ್ಯಾಂಡಲ್ಲಿ ಏನೂ ತೊಂದ್ರೆ ಇರಲ್ಲ. ಒಂದು ಮೀಟರ್ ಆಚೀಚೆ ಮಾಡಿದ್ರೆ ಸರಿಹೋಗತ್ತೆ.

ಮತ್ತೆ ಮಾಸ್ಟ್ ಮುರಿದ್ರೆ ಆಂಟೆನಾನೂ ಅದರ ಜೊತೆ ನೀರಿಗೆ. 2018ರ ಸೆಪ್ಟೆಂಬರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತೋ ಗೋಲ್ಡನ್ ಗ್ಲೋಬ್ ರೇಸಿನ ನಡುವೆ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕಮಾಂಡರ್ ಅಭಿಲಾಷ್ ಟೋಮಿ ಅವರ ದೋಣಿಯ ಮಾಸ್ಟ್ ಮುರಿದು ಬೆನ್ನಿಗೆ ಪೆಟ್ಟಾದಾಗ ಹೊರಜಗತ್ತಿಗೆ ಸುದ್ದಿ ಮುಟ್ಟಿದ್ದು ಉಪಗ್ರಹದ ಪುಟ್ಟ ಟೆಕ್ಸ್ಟ್ ಸಾಧನದಿಂದ. ಹತ್ತು ಮೀಟರ್ ತಂತಿಯೊಂದು ಸುತ್ತಿ ಲಾಕರಲ್ಲಿ ಇಟ್ಟಿರಿ, ಸೆಟ್ಟು ಎಷ್ಟು ಚೆನ್ನಾಗಿದ್ರೂ ಅದಿಲ್ದೆ ಮೂಗ.

ಏಪ್ರಿಲ್ ಮೇ ಬಂದ್ರೆ ರಾತ್ರಿ 4 ಮೆಗಾದಲ್ಲಿ ಬರೀ ಕರಕರ. ಏನ್ ಮಾಡೋದು?

ಅದು ಸಿಡಿಲು. ಮಳೆಗಾಲಕ್ಕೆ ಮುಂಚಿನ ಗುಡುಗುಮಳೆಯ ಗದ್ದಲ ಕೂಡ ಅದೇ ಅಯಾನುಗೋಳದಿಂದ ತಿರುಗಿ ಸಾವಿರಾರು ಕಿಮೀ ಬರತ್ತೆ, 2 ಮತ್ತು 4 ಮೆಗಾದಲ್ಲಿ ಜಾಸ್ತಿ, ಮೇಲೆ ಹೋದ ಹಾಗೆ ಕಡಿಮೆ. ಪುಸ್ತಕ 4 ಅಂದ್ರೂ ಆ ತಿಂಗಳುಗಳಲ್ಲಿ 6 ಅಥವಾ 8 ಎಳೆಯತ್ತಾ ಅಂತ ಮೊದ್ಲು ನೋಡಿ. ಸಿಡಿಲಿನದ್ದು ಬಿಟ್ಟು ಬಿಟ್ಟು ಬರೋ ಪಟ್ ಪಟ್. ಒಂದೇ ಸಮ ಝೂಂ ಅಂತಿದ್ರೆ ಅದು ನಿಮ್ಮ ಹಡಗಿನೊಳಗಿನದ್ದೇ, ಎಲ್‌ಇಡಿ ಬಲ್ಬು, ಇನ್ವರ್ಟರ್, ಸೋಲಾರ್ ಚಾರ್ಜರ್ ಒಂದೊಂದೇ ಆಫ್ ಮಾಡಿ ಕಳ್ಳನ್ನ ಹಿಡೀರಿ.

## ಆಪತ್ತು, ಕಾನೂನು

ಮುಳುಗ್ತಾ ಇದ್ದೀವಿ ಅಂತ ಇಟ್ಕೊಳ್ಳಿ. ಯಾವ ಫ್ರೀಕ್ವೆನ್ಸಿ ಮೊದ್ಲು?

ದಡ ಹತ್ತಿರ ಇದ್ರೆ ವಿಎಚ್‌ಎಫ್ ಚಾನಲ್ 70ರಲ್ಲಿ ಡಿಎಸ್‌ಸಿ (ಗುಂಡಿ ಒತ್ತಿದ್ರೆ ಹೋಗೋ ಡಿಜಿಟಲ್ ಆಪತ್ತಿನ ಕರೆ), ಆಮೇಲೆ ವಿಎಚ್‌ಎಫ್ ಚಾನಲ್ 16ರಲ್ಲಿ ಮಾತು. ನೂರು ನೂರೈವತ್ತು ಮೈಲಿನೊಳಗೆ 2187.5 ಕಿಲೋಹರ್ಟ್ಸಲ್ಲಿ ಡಿಎಸ್‌ಸಿ, 2182ರಲ್ಲಿ ಮಾತು. ಅದಕ್ಕೂ ದೂರ ಅಂದ್ರೆ ಎಚ್‌ಎಫ್, ಜೋಡಿಗಳು ಹೀಗೆ, ಮೊದ್ಲಿನದ್ದು ಡಿಎಸ್‌ಸಿ, ಎರಡನೇದು ಮಾತು:

4207.5 ಮತ್ತು 4125
6312 ಮತ್ತು 6215
8414.5 ಮತ್ತು 8291
12577 ಮತ್ತು 12290
16804.5 ಮತ್ತು 16420

ಯೋಚನೆ ಮಾಡೋಕೆ ಹೊತ್ತಿಲ್ಲ ಅಂದ್ರೆ 8414.5. ಎಚ್‌ಎಫ್ ಇರೋ ಹಡಗುಗಳೆಲ್ಲ 2187.5, 8414.5 ಇವೆರಡನ್ನ ಕಡ್ಡಾಯವಾಗಿ ಕೇಳ್ಬೇಕು, ಉಳಿದವುಗಳಲ್ಲಿ ಇನ್ನೊಂದಾದ್ರೂ ಸೇರಿಸ್ಬೇಕು ಅಂತ ನಿಯಮ. 8 ಹಗಲೂ ರಾತ್ರಿಯೂ ಎಲ್ಲಿಗಾದ್ರೂ ಮುಟ್ಟೋ ಬ್ಯಾಂಡ್, ಅದಕ್ಕೇ ಅದನ್ನ ಆರಿಸಿರೋದು. ಹೊಸ ಸೆಟ್ಟುಗಳಲ್ಲಿ ಎಲ್ಲ ಬ್ಯಾಂಡಲ್ಲೂ ಒಂದಾದ ಮೇಲೊಂದು ಕಳಿಸೋ ಮಲ್ಟಿ ಫ್ರೀಕ್ವೆನ್ಸಿ ಆಯ್ಕೆ ಇರತ್ತೆ. ಅಲರ್ಟ್ ಹೋದ ಮೇಲೆ ಸೆಟ್ಟನ್ನ ಅದೇ ಬ್ಯಾಂಡಿನ ಮಾತಿನ ಫ್ರೀಕ್ವೆನ್ಸಿಗೆ ತಿರುಗಿಸಿ ಕಾಯ್ಬೇಕು, 8414.5ರಲ್ಲಿ ಗುಂಡಿ ಒತ್ತಿ 12290ರಲ್ಲಿ ಕಿವಿಯಿಟ್ಟು ಕೂತರೆ ಬಂದ ಉತ್ತರ ನಿಮಗೆ ಕೇಳಲ್ಲ.

ಎಪರ್ಬ್ (ಉಪಗ್ರಹಕ್ಕೆ ಆಪತ್ತಿನ ಸಂಕೇತ ಕಳಿಸೋ ಬೀಕನ್) ಇದ್ರೆ ಅದನ್ನೂ ಆನ್ ಮಾಡಿ, ರೇಡಿಯೋದೋರು ಎಪರ್ಬಿಗೆ ಕಾಯಬಾರದು, ಎಪರ್ಬಿನೋರು ರೇಡಿಯೋಗೆ ಕಾಯಬಾರದು. ಭಾರತದ ಕಡೆ ಅದರ 406 ಮೆಗಾಹರ್ಟ್ಸ್ ಸಂಕೇತ ಸಂಭಾಳಿಸೋ ಮಿಷನ್ ಕಂಟ್ರೋಲ್ ಸೆಂಟರ್ ಇರೋದು ಬೆಂಗಳೂರಿನ ಇಸ್ರೋ ಇಸ್ಟ್ರಾಕಲ್ಲೇ. ಮೀನುಗಾರಿಕೆ ಬೋಟಿಗಾದ್ರೆ ಇಸ್ರೋ ಮಾಡಿದ ಆಪತ್ತಿನ ಸಂದೇಶದ ಸಾಧನ ಡ್ಯಾಟ್ ಇದೆ, ಅದರ ಎರಡನೇ ತಲೆಮಾರಿನದ್ದರಲ್ಲಿ ನಿಮ್ಮ ಕರೆ ಮುಟ್ಟಿತು ಅಂತ ವಾಪಸ್ ಸೂಚನೆಯೂ ಬರತ್ತೆ. ದಡದಲ್ಲಿರೋರಿಗೆ ಕೋಸ್ಟ್ ಗಾರ್ಡ್ ನಂಬರ್ 1554.

ಈಗ ಎಲ್ಲ ಸ್ಯಾಟಲೈಟ್ ಅಲ್ವಾ, ಎಚ್‌ಎಫ್ ಯಾಕೆ ಇನ್ನೂ?

ಅರ್ಧ ನಿಜ. ಹಡಗುಗಳ ಆಪತ್ತಿನ ಸಂಪರ್ಕದ ಜಾಗತಿಕ ವ್ಯವಸ್ಥೆ ಜಿಎಂಡಿಎಸ್‌ಎಸ್ 1992ರಿಂದ 1999ರೊಳಗೆ ಹಂತ ಹಂತವಾಗಿ ಬಂದ ಮೇಲೆ ಮೋರ್ಸ್ ಹೋಯ್ತು, ರೇಡಿಯೋ ಆಫೀಸರ್ ಕೆಲಸ ಹೋಯ್ತು, ಬ್ರಿಟನ್ನಿನ ಪೋರ್ಟ್ಸ್‌ಹೆಡ್ ರೇಡಿಯೋದಂಥ ದೈತ್ಯ ಸ್ಟೇಷನ್ನೇ 2000ದಲ್ಲಿ ಬಾಗಿಲು ಹಾಕ್ತು. 2024ರ ಜನವರಿ 1ರಿಂದ ಬಂದ ಹೊಸ ಸೋಲಾಸ್ (ಕಡಲ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದಲ್ಲಿ ರೇಡಿಯೋ ಟೆಲೆಕ್ಸಿನ ಕಡ್ಡಾಯವನ್ನೂ ಬಿಟ್ರು. ಆದ್ರೆ ಧ್ರುವದ ಕಡೆ ಹೋಗೋ ಹಡಗಿಗೆ ಎಚ್‌ಎಫ್ ಬೇಕೇ ಬೇಕು, ಮತ್ತೆ ಸ್ಯಾಟಲೈಟ್ ಫೋನಿಂದ ಒಬ್ಬರಿಗೆ ಕರೆ ಹೋಗತ್ತೆ, ಎಚ್‌ಎಫ್‌ನಲ್ಲಿ ಕೂಗಿದ್ರೆ ಸುತ್ತಲಿನ ಹತ್ತು ಹಡಗಿಗೆ ಕೇಳತ್ತೆ. ಚಂದಾ ಕಟ್ಟೋದಿಲ್ಲ ಅನ್ನೋದು ಸಣ್ಣ ವಿಷಯವೂ ಅಲ್ಲ.

ಇನ್ನೊಂದು, ಥುರಯಾ, ಇರಿಡಿಯಂ ಫೋನುಗಳನ್ನ ಪರವಾನಗಿ ಇಲ್ಲದೆ ಭಾರತದ ನೀರಿಗೆ ತಂದು ಬಳಸಿದ್ರೆ ಸೀದಾ ಕೇಸ್. ವಿದೇಶದಿಂದ ಯಾಟ್ ತರೋರು ಇದನ್ನ ತಿಳಿದಿರಲ್ಲ.

ಹ್ಯಾಮ್ ಲೈಸೆನ್ಸ್ ಇದೆ. ಸೆಟ್ ಓಪನ್ ಮಾಡಿಸಿ ಮೆರೀನ್ ಬ್ಯಾಂಡಲ್ಲಿ ಮಾತಾಡ್ಲಾ?

ಬೇಡ. ಹ್ಯಾಮ್ ಲೈಸೆನ್ಸ್ ಹ್ಯಾಮ್ ಬ್ಯಾಂಡಿಗೆ ಮಾತ್ರ, ಹಡಗಿನ ಸ್ಟೇಷನ್ನಿಗೆ ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ ಡಬ್ಲ್ಯುಪಿಸಿಯಿಂದ ಬೇರೆ ಲೈಸೆನ್ಸ್, 419ರಿಂದ ಶುರುವಾಗೋ ಒಂಬತ್ತು ಅಂಕಿಯ ಗುರುತಿನ ನಂಬರ್ ಎಂಎಂಎಸ್‌ಐ, ನಡೆಸೋರಿಗೆ ಜಿಎಂಡಿಎಸ್‌ಎಸ್ ಸರ್ಟಿಫಿಕೇಟು. ಹಡಗಲ್ಲಿ ಹ್ಯಾಮ್ ಮಾಡೋದಾದ್ರೆ ಕ್ಯಾಪ್ಟನ್ ಒಪ್ಪಿಗೆ ತಗೊಳ್ಳಿ. 14.300ರಲ್ಲಿ ಕಡಲಯಾನಿಗಳಿಗೋಸ್ಕರವೇ ನೆಟ್ ನಡೆಯತ್ತೆ, ಕೇಳೋಕಂತೂ ಚೆನ್ನಾಗಿರತ್ತೆ. ಪ್ರಾಣಾಪಾಯ ಇದ್ದಾಗ ಮಾತ್ರ ಸಿಕ್ಕಿದ ಫ್ರೀಕ್ವೆನ್ಸಿ, ಸಿಕ್ಕಿದ ಸೆಟ್ಟು, ಆವಾಗ ಯಾರೂ ಲೈಸೆನ್ಸ್ ಕೇಳಲ್ಲ.

## ಸ್ವಲ್ಪ ಆಳಕ್ಕೆ

ಸೋಲಾರ್ ಸ್ಟಾರ್ಮ್ ಬಂದಾಗ ಮೇಲೆ ಹೋಗ್ಬೇಕಾ ಕೆಳಗೆ ಹೋಗ್ಬೇಕಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ

ಇಬ್ಬರೂ ಸರಿ, ಬೇರೆ ಬೇರೆ ಕಾಯಿಲೆ ಬಗ್ಗೆ ಮಾತಾಡ್ತಿದಾರೆ.

ಸೌರಜ್ವಾಲೆ ಎದ್ದಾಗ ಎಕ್ಸ್‌ರೇ ಎಂಟು ನಿಮಿಷದಲ್ಲಿ ಇಲ್ಲಿ. ಡಿ ಪದರ ಇದ್ದಕ್ಕಿದ್ದ ಹಾಗೆ ದಪ್ಪ ಆಗತ್ತೆ, ಬಿಸಿಲಿರೋ ಅರ್ಧ ಭೂಮಿಯಲ್ಲಿ ಮಾತ್ರ. ಕೆಳಗಿನ ಬ್ಯಾಂಡ್ ಮೊದ್ಲು ಸಾಯತ್ತೆ, ಕೊನೆಗೆ ಬದುಕತ್ತೆ. ಆವಾಗ ಮೇಲೆ ಹೋಗ್ಬೇಕು, 12 ಸತ್ತಿದ್ರೆ 16, 22. ಹೆಚ್ಚಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತಾನೇ ಸರಿಯಾಗತ್ತೆ. 2017ರ ಸೆಪ್ಟೆಂಬರ್ 6 ಮತ್ತು 10ರಂದು ಹೀಗೇ ಎರಡು ದೊಡ್ಡ ಎಕ್ಸ್ ದರ್ಜೆಯ ಜ್ವಾಲೆ ಎದ್ದಾಗ ಕೆರಿಬಿಯನ್ನಲ್ಲಿ ಇರ್ಮಾ ಚಂಡಮಾರುತದ ಪರಿಹಾರಕ್ಕೆ ಬಳಸ್ತಿದ್ದ ಎಚ್‌ಎಫ್ ಲಿಂಕುಗಳೇ ಕಡಿದುಹೋಗಿದ್ವು.

ಕಾಂತೀಯ ಬಿರುಗಾಳಿ ಬೇರೆ. ಸೂರ್ಯ ಉಗುಳಿದ ಪ್ಲಾಸ್ಮಾ ಒಂದರಿಂದ ಮೂರು ದಿನ ತಗೊಂಡು ಬಂದು ಭೂಮಿಯ ಕಾಂತಕ್ಷೇತ್ರವನ್ನ ಅಲ್ಲಾಡಿಸತ್ತೆ, ಎಫ್2 ಪದರ ಸೊರಗತ್ತೆ, ಎಂಯುಎಫ್ ಇಳಿಯತ್ತೆ, ದಿನಗಟ್ಟಲೆ ಹಾಗೇ ಇರಬಹುದು. ಆವಾಗ ಕೆಳಗೆ ಬರ್ಬೇಕು. ಆದ್ರೆ ಈ ಮಾತು ಉತ್ತರದ ದೇಶಗಳಿಗೆ ಹೆಚ್ಚು ಹೊಂದತ್ತೆ, ನಮ್ಮಂಥ ಕಡಿಮೆ ಅಕ್ಷಾಂಶದಲ್ಲಿ ಬಿರುಗಾಳಿಯ ಶುರುವಿಗೆ ಉಲ್ಟಾ ಎಂಯುಎಫ್ ಏರೋದೂ ಉಂಟು. 2024ರ ಮೇ 10-11ರ ಬಿರುಗಾಳಿ ನೆನಪಿದ್ಯಲ್ಲ, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು, ಅದು ಅತಿ ಮೇಲಿನ ಜಿ5 ದರ್ಜೆಯದ್ದು.

ಹಗಲು ಕೆಳಗಿನ ಬ್ಯಾಂಡಿಂದ ಶುರುವಾಗಿ ತಟ್ಟಂತ ಸತ್ತರೆ ಜ್ವಾಲೆ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸೊರಗಿದ್ರೆ ಬಿರುಗಾಳಿ. ಆಂಟೆನಾ ಬಿಚ್ಚೋ ಮುಂಚೆ ಇಷ್ಟು ನೋಡಿ.

ಹೋದ ವರ್ಷ ಸಿಗ್ತಿದ್ದ 22 ಮೆಗಾ ಇನ್ನು ಮುಂದೆ ಸಿಗಲ್ಲ ಅಂತಾರಲ್ಲ?

ಸೂರ್ಯನ ಕಲೆಗಳ ಚಕ್ರ ಸುಮಾರು 11 ವರ್ಷದ್ದು. 2019ರ ಡಿಸೆಂಬರಲ್ಲಿ ತಳ ಮುಟ್ಟಿ 25ನೇ ಚಕ್ರ ಶುರುವಾಯ್ತು, 2024ರ ಹೊತ್ತಿಗೆ ಏರಿ ನಿಂತಿತ್ತು, ಇನ್ನು ಇಳಿಜಾರು. ಮೊದ್ಲು ಹೋಗೋದು 25, 22, ಆಮೇಲೆ 16ರ ಸಮಯ ಕಡಿಮೆ ಆಗತ್ತೆ. 8, 12 ಎಲ್ಲಿಗೂ ಹೋಗಲ್ಲ. ತುದಿಯ ವರ್ಷಗಳಲ್ಲಿ ಮಾಡಿದ ಚಾರ್ಟನ್ನ ತಳದ ವರ್ಷಗಳಲ್ಲಿ ಬಳಸ್ತಾ ಕೂರೋದು ಬೇಡ ಅಷ್ಟೇ.

ಸೂರ್ಯ ಮುಳುಗಿದ ಮೇಲೆ ಕೆಲವು ದಿನ ಮಾತು ನಡುಗಿದ ಹಾಗೆ ಬರತ್ತೆ, ಗಟ್ಟಿ ಇದ್ರೂ ಅರ್ಥ ಆಗಲ್ಲ. ಇದೇನು?

ಇದು ನಮ್ಮ ಕಡೆಯ ವಿಶೇಷ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯಲ್ಲೇ ಹಾದು ಹೋಗತ್ತೆ, 1963ರಲ್ಲಿ ಮೊದಲ ರಾಕೆಟ್ ಹಾರಿಸೋಕೆ ಕೇರಳದ ತುಂಬಾ ಅನ್ನೋ ಊರನ್ನ ಆರಿಸಿದ್ದೂ ಅದಕ್ಕೇ. ಹಗಲಲ್ಲಿ ಅಲ್ಲಿನ ಎಲೆಕ್ಟ್ರಾನ್ ಕಾರಂಜಿ ಹಾಗೆ ಮೇಲೆದ್ದು ಎರಡೂ ಬದಿಗೆ, ಉತ್ತರದಲ್ಲಿ ಅಹಮದಾಬಾದ್ ಸುತ್ತಮುತ್ತ, ಬಂದು ಗುಡ್ಡೆ ಬೀಳತ್ತೆ. ಅದಕ್ಕೇ ಅರಬ್ಬಿ ಸಮುದ್ರದ ಉತ್ತರದ ದಾರಿಗಳಲ್ಲಿ ಎಂಯುಎಫ್ ಯುರೋಪಿನ ಪುಸ್ತಕಕ್ಕಿಂತ ಮೇಲಿರತ್ತೆ, 12 ಮೆಗಾ ರಾತ್ರಿಯವರೆಗೂ ಎಳೆಯತ್ತೆ. ಸೂರ್ಯ ಮುಳುಗಿದ ಮೇಲೆ ಎಫ್ ಪದರದ ಕೆಳಗಿಂದ ಗುಳ್ಳೆಗಳೆದ್ದು ಪದರ ಚಿಂದಿಯಾಗತ್ತೆ, ಸ್ಪ್ರೆಡ್ ಎಫ್ ಅಂತಾರೆ, ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರಲ್ಲಿ ಜಾಸ್ತಿ. ಸಿಗ್ನಲ್ ಹತ್ತು ದಾರಿಯಲ್ಲಿ ಬಂದು ಒಂದಕ್ಕೊಂದು ಹೊಡೆದಾಡತ್ತೆ. ಪವರ್ ಏರಿಸಿ ಪ್ರಯೋಜನ ಇಲ್ಲ. ಬ್ಯಾಂಡ್ ಬದಲಿಸಿ ನೋಡಿ, ನಿಧಾನಕ್ಕೆ ಒಂದೊಂದೇ ಶಬ್ದ ಬಿಡಿಸಿ ಹೇಳಿ, ಇಲ್ಲಾಂದ್ರೆ ನಡುರಾತ್ರಿ ದಾಟೋವರೆಗೆ ಬಿಟ್ಬಿಡಿ.

ಕಂಪ್ಯೂಟರಲ್ಲಿ ನೋಡಿ ಆರಿಸೋದು ಹೇಗೆ?

ವೋವಾಕ್ಯಾಪ್ ಅನ್ನೋ ಸಾಫ್ಟ್‌ವೇರ್ ಉಚಿತ. ನಿಮ್ಮ ಜಾಗ, ಅವರ ಜಾಗ, ತಿಂಗಳು, ಸೂರ್ಯಕಲೆ ಸಂಖ್ಯೆ, ವಾಟ್, ಆಂಟೆನಾ ಹಾಕಿದ್ರೆ ಗಂಟೆಗಂಟೆಗೆ ಯಾವ ಬ್ಯಾಂಡಿಗೆ ಎಷ್ಟು ಸಾಧ್ಯತೆ ಅಂತ ಬಣ್ಣದಲ್ಲಿ ತೋರಿಸತ್ತೆ. ಅದು ತಿಂಗಳ ಸರಾಸರಿ, ಇವತ್ತಿನ ಸ್ಥಿತಿ ಅಲ್ಲ. ಆಂಟೆನಾ ಜಾಗದಲ್ಲಿ ಅದು ಮೊದ್ಲೇ ಕೊಟ್ಟಿರೋ ದೊಡ್ಡ ಆಂಟೆನಾ ಬಿಟ್ರೆ ಉತ್ತರ ಭಾರಿ ಖುಷಿ ಕೊಡತ್ತೆ, ಕಡಲಲ್ಲಿ ಅಳಿಸತ್ತೆ, ವಿಪ್ ಅಂತ ಬದಲಿಸಿ. ಹೊರಡೋ ಮುಂಚೆ ದಾರಿಯ ನಾಲ್ಕೈದು ಜಾಗಕ್ಕೆ ಮಾಡಿ ಪ್ರಿಂಟ್ ತಗೊಳ್ಳಿ.

ಹವಾಮಾನದ ನಕ್ಷೆ ಎಚ್‌ಎಫ್‌ನಲ್ಲೇ ಬರತ್ತಂತೆ, ಆ ಫ್ರೀಕ್ವೆನ್ಸಿಗೆ ಇಟ್ರೆ ಚಿತ್ರ ಪೂರ್ತಿ ಕಪ್ಪು

ಯುಎಸ್‌ಬಿಯಲ್ಲಿ ಫ್ಯಾಕ್ಸ್ ಹಿಡಿಯೋಕೆ ಹೇಳಿದ ಫ್ರೀಕ್ವೆನ್ಸಿಗಿಂತ 1.9 ಕಿಲೋಹರ್ಟ್ಸ್ ಕೆಳಗೆ ಇಡ್ಬೇಕು. ಟೋಕಿಯೋದ ಜೆಎಂಎಚ್ 7795 ಅಂದ್ರೆ ಡಯಲ್ 7793.1, ಅದರ 13988.5ಕ್ಕೆ 13986.6. ಬ್ಯಾಂಡ್ ಆರಿಸೋ ಲೆಕ್ಕ ಮಾತಿಗೆ ಹೇಳಿದ್ದೇ, ಟೋಕಿಯೋ ದೂರ ಜಾಸ್ತಿ ಇರೋದ್ರಿಂದ ಹಗಲು 13ರದ್ದು ನೋಡಿ. ಬರಹದ ಎಚ್ಚರಿಕೆ ಸಾಕು ಅಂದ್ರೆ 518 ಕಿಲೋಹರ್ಟ್ಸಿನ ನ್ಯಾವ್‌ಟೆಕ್ಸ್ ಇದೆ, ಇನ್ನೂರು ಮುನ್ನೂರು ಮೈಲಿನ ತನಕ ಯಾವ ತಲೆನೋವೂ ಇಲ್ಲ. ನಮ್ಮ ಕರಾವಳಿಗೆ ಹತ್ತಿರದ್ದು ವೆಂಗುರ್ಲಾ.

ಸಬ್‌ಮರೀನ್ ಒಳಗೂ ಎಚ್‌ಎಫ್ ಹೋಗತ್ತಾ?

ನೀರೊಳಗೆ ಇಲ್ಲ, ಉಪ್ಪುನೀರು ನುಂಗಿಬಿಡತ್ತೆ. ಅದಕ್ಕೆ 3ರಿಂದ 30 ಕಿಲೋಹರ್ಟ್ಸಿನ ವಿಎಲ್‌ಎಫ್ ಬೇಕು, ಅದೂ ಕೆಲವೇ ಮೀಟರ್ ಇಳಿಯತ್ತೆ. ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ತಿರುನೆಲ್ವೇಲಿ ಹತ್ರ ಇರೋದು ಇದಕ್ಕೇ, ಎರಡನೇದಕ್ಕೆ ತೆಲಂಗಾಣದ ದಾಮಗುಂಡಂನಲ್ಲಿ 2024ರ ಅಕ್ಟೋಬರಲ್ಲಿ ಅಡಿಗಲ್ಲು ಹಾಕಿದಾರೆ. ಅಲ್ಲಿ ತರಂಗದೂರವೇ ಕಿಲೋಮೀಟರುಗಟ್ಟಲೆ, ಹಾಗಾಗಿ ಆಂಟೆನಾ ದಡದಲ್ಲೇ ಇರ್ಬೇಕು, ಸಬ್‌ಮರೀನ್ ಕೇಳಬಹುದೇ ಹೊರತು ಅದರಲ್ಲಿ ತಿರುಗಿ ಉತ್ತರ ಕೊಡೋಕೆ ಆಗಲ್ಲ.